ಮಂಗಳವಾರದ ಕೆಳಬಂಡೆ

ಕಿಟಕಿಯಿಂದಾಚೆ ಎರಚಿದ ಚಹಾ ಎರಚಿದಷ್ಟೇ ವೇಗದಲ್ಲಿ ವಾಪಸ್ ಬಂದು ನನ್ನ ಮುಖಕ್ಕೆ ಬಡಿಯಿತು.

ತಣ್ಣಗಾಗಿತ್ತು, ಅಷ್ಟು ಪುಣ್ಯ. ಆದರೆ ಅಂಗಿ ಹಾಳಾಯಿತು, ಕನ್ನಡಕಕ್ಕೆ ಚಹಾಪುಡಿ ಮೆತ್ತಿಕೊಂಡಿತು. ಬೆಳಿಗ್ಗೆಯಿಂದ ಒಬ್ಬರೂ ನೆಟ್ಟಗೆ ಮಾತಾಡದ ಈ ದ್ವೀಪದಲ್ಲಿ ಗಾಳಿಯೂ ನನ್ನ ಮೇಲೆ ಹಗೆ ಸಾಧಿಸುವುದೊಂದು ಬಾಕಿಯಿತ್ತು.

"ಮೇಲಕ್ಕೆ ಎರಚಿದ್ರೆ ಇನ್ನೇನಾಗತ್ತೆ," ಎಂದ ಅಡುಗೆಯವನು, ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆಯೆತ್ತದೆ.

ಇವನನ್ನು ಇಲ್ಲಿ ಪಿಸುಮಾತು ಎಂದು ಕರೆಯುತ್ತಾರೆ. ಹೆಸರಿಟ್ಟವನು ಯಾರೋ ಕಿಡಿಗೇಡಿಯೇ ಇರಬೇಕು. ಉಪ್ಪು ಬೇಕಾ ಎಂದು ಕೇಳಿದರೂ ದಡದಲ್ಲಿರುವವರು ಬೇಡ ಎಂದು ಉತ್ತರ ಕೊಡಬೇಕು, ಅಂಥ ಗಂಟಲು ಅವನದು.

"ಮೇಲಕ್ಕೆ ಎಲ್ಲಯ್ಯಾ ಎರಚಿದೆ? ಕಣ್ಣು ಕಾಣಲ್ವಾ ನಿಂಗೆ? ಕಿಟಕಿ ಆಚೆ ಇಳಿಜಾರು. ಅದರ ಕೆಳಗೆ ಸಮುದ್ರ."

"ಇಳಿಜಾರು ಯಾರಿಗೆ ಬೇಕು ಸಾಹೇಬ್ರೇ. ಗಾಳಿ ಎಲ್ಲಿಂದ ಬರತ್ತೋ ಅದು ಮೇಲೆ, ಎಲ್ಲಿಗೆ ಹೋಗತ್ತೋ ಅದು ಕೆಳಗೆ. ಕಸ ಹಾಕೋದು, ಉಗುಳೋದು, ಬಣ್ಣ ಹೊಡೆಯೋದು, ಎಲ್ಲಾ ಕೆಳಗಡೆ. ಇಲ್ಲಿಗೆ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಿಕೊಡ್ತೀವಿ."

"ನನಗೆ ಹೇಳಲಿಲ್ಲವಲ್ಲ."

"ನೀವು ಕೆಲಸಕ್ಕೆ ಬಂದೋರಲ್ಲವಲ್ಲ."

ಇವನ ಹತ್ತಿರ ಮಾತಿಗೆ ಮಾತು ಬೆಳೆಸಿದರೆ ಸಂಜೆಯಾಗುತ್ತದೆ. ಕನ್ನಡಕ ತೆಗೆದು ಒರೆಸತೊಡಗಿದೆ. "ಸರಿ, ಇನ್ಮೇಲೆ ಎದುರಿನ ಕಿಟಕಿಯಲ್ಲೇ ಎರಚ್ತೀನಿ, ಸಮಾಧಾನನಾ?"

"ಇನ್ಮೇಲೆ ಅಂತೆಲ್ಲಾ ಹೇಳಕ್ಕಾಗಲ್ಲ. ಬುಧವಾರ ಮಧ್ಯಾಹ್ನದವರೆಗೂ ನಾನು ಎಲ್ಲಾ ಈ ಕಿಟಕಿಯಲ್ಲೇ ಎರಚ್ತಿದ್ದೆ. ಅವಾಗ ಇದು ಕೆಳಗೆ. ಗಾಳಿ ತಿರುಗ್ತು, ಇದು ಮೇಲಾಯ್ತು."

ಒರೆಸುತ್ತಿದ್ದ ಕೈ ನಿಂತಿತು.

ಈ ದ್ವೀಪದಲ್ಲಿ ಹಕ್ಕಿ ಎಣಿಸುವ ಕೆಲಸಕ್ಕಿದ್ದ ಹುಡುಗಿ ಮಂಗಳವಾರದಿಂದ ಕಾಣೆ, ಪೊಲೀಸರು ಮುಳುಗಿ ಸತ್ತಳೆಂದು ಬರೆದು ಕೈತೊಳೆದುಕೊಂಡಿದ್ದಾರೆ, ಒಪ್ಪದ ಅವಳ ಅಕ್ಕ ನಿವೃತ್ತ ಪೊಲೀಸನಾದ ನನ್ನನ್ನು ಹುಡುಕಲು ಕರೆತಂದಿದ್ದಾಳೆ. ಇವತ್ತು ಶನಿವಾರ, ಅಂದರೆ ಐದನೇ ದಿನ.

ಜೇಬಿನಿಂದ ಪೊಲೀಸರ ವರದಿಯ ನಕಲು ತೆಗೆದೆ. ದೀಪಸ್ತಂಭ ನೋಡಿಕೊಳ್ಳುವವನ ಹೇಳಿಕೆ ಅದರಲ್ಲಿ ಮೂರೇ ಸಾಲು. ಮಂಗಳವಾರ ಬೆಳಿಗ್ಗೆ ಹುಡುಗಿಯನ್ನು ದೋಣಿಯಲ್ಲಿ ಕೆಳಬಂಡೆಗೆ ಬಿಟ್ಟು ಬಂದೆ. ಸಂಜೆ ಕರೆತರಲು ಹೋದಾಗ ಇರಲಿಲ್ಲ. ಕಾಲು ಜಾರಿರಬೇಕು.

ದ್ವೀಪದ ಆಚೆ ಈಚೆ ಎರಡು ಬೋಳು ಬಂಡೆಗಳಿವೆ. ಒಂದು ದಡದ ದಿಕ್ಕಿಗೆ, ಇನ್ನೊಂದು ತೆರೆದ ಕಡಲಿನ ದಿಕ್ಕಿಗೆ. ಪೊಲೀಸರು ಬಂದದ್ದು ಗುರುವಾರ. ಕೆಳಬಂಡೆ ಯಾವುದು ಎಂದು ಕೇಳಿದ್ದಾರೆ, ದೀಪದವನು ದಡದ ಕಡೆಯ ಬಂಡೆಗೆ ಬೆರಳು ತೋರಿಸಿದ್ದಾನೆ. ಅವರು ಅದನ್ನು ಇಂಚಿಂಚೂ ಜಾಲಾಡಿದ್ದಾರೆ. ಇನ್ನೊಂದರ ಮೇಲೆ ಕಾಲಿಟ್ಟೇ ಇಲ್ಲ.

"ಗಾಳಿ ದಿಕ್ಕು ಯಾರಾದ್ರೂ ಬರೆದಿಡ್ತಾರಾ ಇಲ್ಲಿ?"

ಪಿಸುಮಾತು ಚಾಕುವಿನ ತುದಿಯಿಂದಲೇ ಗೋಡೆಯ ಮೊಳೆಗೆ ನೇತು ಹಾಕಿದ್ದ ಉದ್ದ ಪುಸ್ತಕ ತೋರಿಸಿದ. ದೀಪದವನ ಅಕ್ಷರ, ಗುಂಡಗೆ, ಮಕ್ಕಳ ಕಾಪಿ ಪುಸ್ತಕದಷ್ಟು ಚೊಕ್ಕಟ. ಮಂಗಳವಾರ: ದಡದಿಂದ, ಸಣ್ಣಗೆ. ಬುಧವಾರ ಹನ್ನೆರಡೂ ನಲವತ್ತು: ತಿರುಗಿತು, ಕಡಲಿನಿಂದ. ಗುರುವಾರ: ಕಡಲಿನಿಂದ, ಜೋರು. ಶುಕ್ರವಾರ: ಅದೇ. ಶನಿವಾರ: ಇಳಿಯುತ್ತಿದೆ.

ಮಂಗಳವಾರ ಗಾಳಿ ದಡದಿಂದ ಬರುತ್ತಿತ್ತು. ಹಾಗಾದರೆ ಅವತ್ತಿನ ಕೆಳಬಂಡೆ ಕಡಲಿನ ಕಡೆಯದು. ಹುಡುಗಿಯನ್ನು ಬಿಟ್ಟದ್ದು ಒಂದು ಬಂಡೆಯ ಮೇಲೆ, ಪೊಲೀಸರು ಹುಡುಕಿದ್ದು ಇನ್ನೊಂದರ ಮೇಲೆ. ನಾನು ಹೆಣ ಹುಡುಕಲು ಬಂದವನು. ಹುಡುಗಿ ಬದುಕಿರಬಹುದು ಎಂಬ ಯೋಚನೆ ಈ ಗಳಿಗೆಯವರೆಗೆ ನನ್ನ ತಲೆಗೆ ಹೊಳೆದಿರಲೇ ಇಲ್ಲ.

"ಅವತ್ತು ಅವಳು ಎಷ್ಟು ನೀರು ತಗೊಂಡ್ ಹೋದ್ಲು?"

"ಐದು ಲೀಟರಿನ ಕ್ಯಾನು. ಬಿಸ್ಕತ್ತು ನಾಲ್ಕು ಪೊಟ್ಟಣ."

"ಬೆಳಿಗ್ಗೆ ಹೋಗಿ ಸಂಜೆ ಬರೋಳಿಗೆ ಅಷ್ಟ್ಯಾಕೆ?"

"ಕೇಳಿದ್ಲು, ಕೊಟ್ಟೆ. ಅಡುಗೆಯವನಿಗೆ ಹೊಟ್ಟೆ ವಿಚಾರ ಮಾತ್ರ ಸಾಹೇಬ್ರೇ, ಮಿಕ್ಕಿದ್ದೆಲ್ಲ ಯಾಕೆ?" ಎಂದವನು ಸರಕ್ಕನೆ ಬೆನ್ನು ತಿರುಗಿಸಿದ.

ಅಲ್ಲೇ ನಾನು ನಿಲ್ಲಬೇಕಿತ್ತು. ಆ ಪ್ರಶ್ನೆಯನ್ನು ಇನ್ನೊಮ್ಮೆ, ಮೆತ್ತಗೆ ಕೇಳಬೇಕಿತ್ತು. ಆದರೆ ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅಲ್ಲಿಂದಲೂ ಜಾರಿತ್ತು. ಐದು ಲೀಟರ್ ನೀರು ಎಷ್ಟು ದಿನ ಬರುತ್ತದೆ ಎಂದು ಮಾತ್ರ ಲೆಕ್ಕ ಹಾಕುತ್ತ ಹೊರಗೆ ಬಂದೆ.

ಅಂಗಳದಲ್ಲಿ ಅಕ್ಕ ಕಲ್ಲಿನ ಮೇಲೆ ಕೂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಔಷಧಿ ಅಂಗಡಿ ನಡೆಸುತ್ತಾಳೆ. ಅಂಥ ಗಾಳಿಯಲ್ಲೂ ಕೂದಲು ಒಂದೆಳೆ ಚದುರಿರಲಿಲ್ಲ. ಬೆಳಿಗ್ಗೆಯಿಂದ ನನ್ನ ಜೊತೆ ಮರ್ಯಾದೆಯಿಂದ ಮಾತಾಡಿದವಳು ಈ ದ್ವೀಪದಲ್ಲಿ ಅವಳೊಬ್ಬಳೇ, ಮೊಣಕಾಲು ನೋವಿಗೆ ಮುಲಾಮು ಕೂಡ ಕೊಟ್ಟಿದ್ದಳು.

"ಏನಾದ್ರೂ ಗೊತ್ತಾಯ್ತಾ ಸಾಹೇಬ್ರೇ?"

"ನಿಮ್ಮ ತಂಗಿ ಬದುಕಿರಬಹುದು. ಬನ್ನಿ ಮೇಲೆ."

ಅವಳು ಎದ್ದು ನಿಂತಳು. ಅಳಲಿಲ್ಲ, ದೇವರೇ ಎನ್ನಲಿಲ್ಲ. "ಎಲ್ಲಿ?" ಎಂದು ಮಾತ್ರ ಕೇಳಿದಳು. ಗಟ್ಟಿ ಜೀವ ಅಂದುಕೊಂಡೆ.

ದೀಪಸ್ತಂಭಕ್ಕೆ ನೂರಾ ಹನ್ನೆರಡು ಮೆಟ್ಟಿಲು. ಅರವತ್ತೊಂದರ ಮೊಣಕಾಲಿಗೆ ಅದೊಂದು ಶಿಕ್ಷೆ. ಒಂದೊಂದು ಮೆಟ್ಟಿಲಿಗೂ ದೀಪದವನನ್ನು ಒಂದೊಂದು ಮಾತು ಬೈಯುತ್ತ ಹತ್ತಿದೆ. ಬೈಯಲು ಕಾರಣವೂ ಸಿಕ್ಕಿತ್ತು. ಹೋದ ತಿಂಗಳು ಹುಡುಗಿ ಅವನ ಮೇಲಿನವರಿಗೆ ದೂರು ಬರೆದಿದ್ದಳು: ದೀಪದ ಬೆಳಕಿಗೆ ಡಿಕ್ಕಿ ಹೊಡೆದು ಹಕ್ಕಿಗಳು ಸಾಯುತ್ತಿವೆ, ಎಷ್ಟು ಹೇಳಿದರೂ ಇವರು ಬಲೆ ಕಟ್ಟುತ್ತಿಲ್ಲ ಎಂದು. ಇಪ್ಪತ್ತೆರಡು ವರ್ಷ ಒಂದೇ ದೀಪ ಕಾದವನಿಗೆ ನಿವೃತ್ತಿಯ ಅಂಚಿನಲ್ಲಿ ಸಿಕ್ಕ ಮೊದಲ ಕಪ್ಪು ಚುಕ್ಕೆ ಅದು. ಕೊಲೆಗೆ ಇದಕ್ಕಿಂತ ಸಣ್ಣ ಕಾರಣಗಳನ್ನು ನಾನು ನೋಡಿದ್ದೇನೆ.

ಅವನನ್ನು ದೀಪದಯ್ಯ ಎನ್ನುತ್ತಾರೆ. ಒಣಗಿದ ಕಟ್ಟಿಗೆಯಂಥ ಆಳು. ನಾವು ಹೋದಾಗ ದೀಪದ ಗಾಜು ಒರೆಸುತ್ತಿದ್ದ. ಕೈ ಗಾಜಿನ ಮೇಲಿತ್ತು, ಕಣ್ಣು ಕಡಲಿನ ಕಡೆಯ ಬಂಡೆಯ ಮೇಲೆ.

"ಮಂಗಳವಾರ ಕೆಳಬಂಡೆ ಯಾವುದು?" ಎಂದು ಬಾಗಿಲಲ್ಲೇ ಕೇಳಿದೆ.

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು. "ಪಿಸುಮಾತು ಬಾಯಿ ಬಿಟ್ನಾ?"

"ಅವನು ಯಾಕೆ ಬಿಡಬೇಕು. ನನ್ನ ಮುಖಕ್ಕೆ ಬಿದ್ದ ಚಹಾ ಹೇಳ್ತು."

ಅವನು ನನ್ನ ಅಂಗಿಯ ಕಲೆ ನೋಡಿದ. ನಗಲಿಲ್ಲ. ಆಮೇಲೆ ನನ್ನ ಹಿಂದೆ ನಿಂತಿದ್ದ ಅಕ್ಕನನ್ನು ನೋಡಿದ. "ನಿಮ್ಮ ಹತ್ರ ಒಂದು ಮಾತಿದೆ. ಈ ಅಮ್ಮ ಸ್ವಲ್ಪ ಕೆಳಗಿರಲಿ."

"ಯಾವ ಕೆಳಗೆ? ಗಾಳಿಯದೋ, ಮೆಟ್ಟಿಲಿಂದೋ?"

"ತಮಾಷೆ ಬೇಡ. ಕೆಳಗಿರಲಿ ಅಂದೆ."

"ಕಾಣೆಯಾಗಿರೋದು ಅವರ ಒಡಹುಟ್ಟಿದೋಳು. ಅವರ ಮುಂದೆ ಆಡಕ್ಕಾಗದ ಮಾತು ನನಗೂ ಬೇಡ."

ಅವನು ನನಗೆ ಬೆನ್ನು ಹಾಕಿದ. ಮತ್ತೆ ಗಾಜು ಒರೆಸತೊಡಗಿದ. ಆ ಸದ್ದು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಕೈಯಿಂದ ಬಟ್ಟೆ ಕಿತ್ತು ನೆಲಕ್ಕೆಸೆದೆ.

"ಇಪ್ಪತ್ತೆರಡು ವರ್ಷ ಗಾಳಿ ಬರೆದವನು ನೀನು. ಮಂಗಳವಾರದ ಕೆಳಬಂಡೆ ಯಾವುದು ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀಯ. ಪೊಲೀಸರಿಗೆ ಯಾಕೆ ಸುಳ್ಳು ಹೇಳ್ದೆ?"

"ಸುಳ್ಳು ಹೇಳಿಲ್ಲ. ಅವರು ಗುರುವಾರ ಕೇಳಿದ್ರು. ಗುರುವಾರದ ಕೆಳಬಂಡೆ ತೋರಿಸ್ದೆ."

"ಸಂಜೆ ಹೋದಾಗ ಇರಲಿಲ್ಲ ಅಂದ್ಯಲ್ಲ, ಅದು?"

ಅವನು ಮುಖ ತಿರುಗಿಸಿ ಕಡಲಿನ ಕಡೆಯ ಬಂಡೆ ನೋಡಿದ.

"ಹೋಗಲೇ ಇಲ್ಲ, ಅಲ್ವಾ? ಅವಳನ್ನ ಅಲ್ಲಿ ಬಿಟ್ಟು, ಬೇಕಂತಲೇ ಮರೆತೆ."

"ಬೇಕಂತಲೇ ಬಿಟ್ಟೆ," ಎಂದ. ನನ್ನ ಕಡೆ ನೋಡಿ ಹೇಳಲಿಲ್ಲ, ಅಕ್ಕನ ಕಡೆ ನೋಡಿ ಹೇಳಿದ.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಕೇಳಿದ್ರಲ್ಲ ಸಾಹೇಬ್ರೇ. ಅವನ ಬಾಯಿಂದಲೇ ಬಂತು."

"ಐದು ಲೀಟರ್ ನೀರು," ಎಂದೆ. "ಎಷ್ಟು ಹಿಡಿತ ಮಾಡಿ ಕುಡಿದ್ರೂ ಗುರುವಾರಕ್ಕೆ ಮುಗಿದಿರತ್ತೆ. ಎರಡು ದಿನದಿಂದ ಆ ಹುಡುಗಿ ಒಂದು ಹನಿ ನೀರಿಲ್ಲದೆ ಬಿಸಿಲಲ್ಲಿ ಬಿದ್ದಿದ್ದಾಳೆ. ನೀನಿಲ್ಲಿ ಗಾಜು ಒರೆಸ್ತಿದ್ದೀಯ. ಮನುಷ್ಯ ಜಾತಿಯೇನಯ್ಯಾ ನೀನು?"

"ಅದು ನನಗೆ ಗೊತ್ತಿಲ್ವಾ?" ಮೊದಲ ಸಲ ಅವನ ದನಿ ಏರಿತು. ಎರಡೂ ಅಂಗೈ ನನ್ನ ಮುಖದ ಮುಂದೆ ಚಾಚಿದ. ಹಗ್ಗ ಎಳೆದು ಚರ್ಮ ಸುಲಿದು ಹೋಗಿತ್ತು. "ಗುರುವಾರ ಸಂಜೆ ದೋಣಿ ಇಳಿಸ್ದೆ, ಅಲೆ ಎತ್ತಿ ದಂಡೆಗೆ ಒಗೀತು. ನಿನ್ನೆ ಎರಡು ಸಲ. ಇವತ್ತು ಗಾಳಿ ಇಳೀತು, ಇನ್ನೇನು ಹೊರಡಬೇಕು, ನೀವಿಬ್ಬರೂ ಬಂದು ಅಂಗಳದಲ್ಲಿ ಕೂತ್ರಿ."

"ಹೊರಟಿದ್ದು ಯಾಕೆ? ಸತ್ತಿದ್ದಾಳಾ ನೋಡಕ್ಕಾ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. ಅಷ್ಟು ತಿರಸ್ಕಾರದಿಂದ ನನ್ನನ್ನು ನೋಡಿದವರು ಕಡಿಮೆ, ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನ ಮಾತು ಇದು.

"ಈಗಲೇ ಹೋಗೋಣ," ಎಂದ ಕೊನೆಗೆ. "ನೀವೂ ಬನ್ನಿ, ಬೇಕಾದ್ರೆ ನನ್ನ ಕೈ ಕಟ್ಟಿ ಹಾಕಿ. ಈ ಅಮ್ಮ ಮಾತ್ರ ಬೇಡ. ಅಷ್ಟು ಕೇಳ್ಕೊಳ್ತೀನಿ."

"ನನ್ನ ತಂಗಿ," ಎಂದಳು ಅಕ್ಕ ಮೆಲ್ಲಗೆ. "ಐದು ದಿನದ ಮೇಲೆ ಕಣ್ಣು ಬಿಟ್ಟಾಗ ಅವಳಿಗೆ ಯಾರ ಮುಖ ಕಾಣಬೇಕು ಸಾಹೇಬ್ರೇ? ಇವನದಾ?"

ಇದಕ್ಕೆ ನಾನೇನು ಹೇಳಲಿ? ನನಗೂ ಅಕ್ಕ ಇದ್ದಳು. ದೀಪದಯ್ಯನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದೆ, ಬಾಗಿಲು ಎಳೆದು ಹೊರಗಿನಿಂದ ಅಗುಳಿ ಜಡಿದೆ. ಒಳಗಿನಿಂದ ಅವನು ಬಾಗಿಲು ಬಡಿದ ಸದ್ದು ಕೊನೆಯ ಮೆಟ್ಟಿಲಿನವರೆಗೂ ಕೇಳುತ್ತಿತ್ತು. ಬಡಿಯಲಿ ಬಿಡು ಅಂದುಕೊಂಡೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಿಸುಮಾತಿಗೆ ಬೆರಳು ತೋರಿಸಿ, "ಮೇಲೆ ಹತ್ತಿ ಆ ಬಾಗಿಲು ತೆಗೆದೆ ಅಂದ್ರೆ ನಿನ್ನನ್ನೂ ಜೊತೆಗೆ ಒಳಗೆ ಹಾಕಿಸ್ತೀನಿ," ಎಂದೆ. ಅವನ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದ್ವೀಪಕ್ಕಿರುವುದು ಒಂದೇ ಸಣ್ಣ ಎಂಜಿನ್ ದೋಣಿ. ನಮ್ಮನ್ನು ತಂದಿಳಿಸಿದ ದೊಡ್ಡ ದೋಣಿ ಸಂಜೆಗೆ ಮೊದಲು ಬರುವುದಿಲ್ಲ. ಎಂಜಿನ್ ನಡೆಸುವುದು ನನಗೆ ಹಳೆಯ ಅಭ್ಯಾಸ. ಅಲೆ ಇನ್ನೂ ದೊಡ್ಡದೇ ಇತ್ತು. ಒಂದೊಂದು ಸಲ ದೋಣಿಯ ಮೂಗು ಎದ್ದು ಬಿದ್ದಾಗಲೂ ನಾನು ದೋಣಿಯ ಅಂಚು ಹಿಡಿದುಕೊಳ್ಳುತ್ತಿದ್ದೆ. ಅಕ್ಕ ಮಾತ್ರ ಅಲುಗಾಡದೆ ಕೂತಿದ್ದಳು.

"ಅಮ್ಮ ಹೋಗಿ ಮೂರು ತಿಂಗಳಾಯ್ತು," ಎಂದಳು, ನಾನು ಕೇಳದಿದ್ದರೂ. "ನಾನೇ ಹಗಲೂ ರಾತ್ರಿ ನೋಡ್ಕೊಂಡೆ. ಔಷಧಿ, ಪಥ್ಯ, ಎಲ್ಲಾ ನನ್ನ ಕೈಯಿಂದಲೇ. ಅಮ್ಮ ಹೋದ ಮೇಲೆ ಇವಳು ನನ್ನ ಜೊತೆ ಮಾತು ಬಿಟ್ಲು. ದುಃಖಕ್ಕೆ ಒಬ್ಬೊಬ್ಬರು ಒಂದೊಂದು ಥರ ಆಡ್ತಾರೆ, ಅಲ್ವಾ?"

ಹೌದು ಎಂದೆ. ನನ್ನ ಗಮನವೆಲ್ಲ ಬಂಡೆಯ ಮೇಲಿತ್ತು.

ಗಾಳಿಗೆ ಮರೆಯಾದ ಬದಿಯಲ್ಲಿ ದೋಣಿ ಒರಗಿಸಿದೆ. ಕಟ್ಟಲು ಕೊಂಡಿಯಾಗಲಿ ಗೂಟವಾಗಲಿ ಇಲ್ಲ. ಎಂಜಿನ್ ಆರಿಸದೆ, ಕಲ್ಲಿನ ಒಂದು ಮೂತಿಗೆ ಹಗ್ಗ ಒಂದು ಸುತ್ತು ಹಾಕಿ, ತುದಿಯನ್ನು ಅಕ್ಕನ ಕೈಗೆ ಕೊಟ್ಟು ಹತ್ತಿದೆ. ಹಕ್ಕಿಗಳು ತಲೆಯ ಮೇಲೆ ಅರಚುತ್ತ ಎರಗಿದವು. ಹಿಕ್ಕೆಯ ನಾತ ಮೂಗಿಗೆ ಅಡರಿತು. ಎರಡು ಸಲ ಜಾರಿ ಬಿದ್ದೆ, ಮಂಡಿ ಒಡೆಯಿತು.

ಮೊದಲು ಕಂಡದ್ದು ನೀರಿನ ಕ್ಯಾನು. ಖಾಲಿ. ಕತ್ತರಿಸಿ ಬಾಯಿ ಅಗಲ ಮಾಡಿ, ಇಬ್ಬನಿ ಹಿಡಿಯಲು ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದಳು. ಅದನ್ನು ಕಂಡು ನನಗೆ ಅಳು ಬಂತು. ಸಾಯಲು ಒಪ್ಪದ ಜೀವ ಮಾಡುವ ಕೆಲಸ ಅದು.

ಬಂಡೆಯ ಪೊಟರೆಯೊಳಗೆ ಹುಡುಗಿ ಮುದುಡಿ ಕೂತಿದ್ದಳು. ಇಪ್ಪತ್ತಾರರ ಹುಡುಗಿ, ನೋಡಿದರೆ ಐವತ್ತು ಅನ್ನಬೇಕು. ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಕಣ್ಣು ಮಾತ್ರ ನೆಟ್ಟಗೆ ನನ್ನ ಮೇಲಿತ್ತು.

"ದೀಪದಯ್ಯ ಎಲ್ಲಿ?" ಎಂದಳು. ದನಿ ಹೊರಡಲಿಲ್ಲ, ತುಟಿಯ ಆಕಾರದಿಂದ ತಿಳಿದುಕೊಂಡೆ.

"ಹೆದರಬೇಡಮ್ಮಾ. ಅವನನ್ನ ಕೋಣೆಯಲ್ಲಿ ಕೂಡಿ ಹಾಕಿದ್ದೀನಿ. ಇನ್ನು ಯಾರೂ ನಿನ್ನ ಕೂದಲು ಕೊಂಕಿಸಲ್ಲ. ನಿನ್ನ ಅಕ್ಕನ್ನೇ ಕರ್ಕೊಂಡ್ ಬಂದಿದ್ದೀನಿ ನೋಡು."

ಅವಳು ನನ್ನ ಹೆಗಲಾಚೆ ದೋಣಿಯತ್ತ ನೋಡಿದಳು. ಮಂಡಿಯೂರಿ ಹಿಂದೆ ಹಿಂದೆ ಸರಿಯುತ್ತ ಬಂಡೆಯ ಅಂಚಿಗೆ ಹೋದಳು. ಇನ್ನೊಂದು ಮೊಳ ಸರಿದರೆ ನೀರು. ಭಯ ಎಷ್ಟೋ ನೋಡಿದ್ದೇನೆ, ಆದರೆ ಹಾಗೆ ಹೆದರಿದವರನ್ನು ನೋಡಿರಲಿಲ್ಲ.

"ಪುಟ್ಟೀ," ಎಂದು ದೋಣಿಯಿಂದ ಅಕ್ಕ ಕರೆದಳು. ಚೀಲದಿಂದ ಒಂದು ಬಾಟಲಿ ತೆಗೆದು ಮೇಲಕ್ಕೆ ಚಾಚಿದಳು. "ಮೊದಲು ನೀರು ಕುಡಿ ಕಂದಾ. ಮಾತೆಲ್ಲಾ ಆಮೇಲೆ. ಸಾಹೇಬ್ರೇ, ಇದನ್ನ ಅವಳಿಗೆ ಕುಡಿಸಿ."

ಇಳಿದು ಬಾಟಲಿ ಈಸಿಕೊಂಡು, ಮುಚ್ಚಳ ತೆಗೆದು ಹುಡುಗಿಯ ತುಟಿಯ ಹತ್ತಿರ ಹಿಡಿದೆ. ನೀರು ನೋಡಿ ಅವಳ ಗಂಟಲು ತಾನಾಗಿಯೇ ನುಂಗಿತು. ಕೈ ಅರ್ಧ ಮೇಲೆದ್ದಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗೆ ಒತ್ತಿದಳು.

"ಬೇಡ."

"ಹುಚ್ಚು ಹುಡುಗಿ, ಎರಡು ದಿನವಾಗಿದೆ ನೀರು ಕುಡಿದು."

"ಅಮ್ಮನಿಗೂ ಹೀಗೇ ಕುಡಿಸಿದ್ಲು," ಎಂದಳು. ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. "ಬಾಗಿಲ ಹತ್ರ ನಿಂತು ನೋಡ್ದೆ. ಪೊಲೀಸರಿಗೆ ಹೇಳ್ದೆ, ನಗಾಡಿದ್ರು. ಅವಳು ಬುಧವಾರ ಬರ್ತಾಳೆ ಅಂತ ಗೊತ್ತಾಗಿ ನಾನೇ ದೀಪದಯ್ಯನ ಕಾಲು ಹಿಡ್ದೆ. ಎರಡು ದಿನ ಬಚ್ಚಿಡಿ, ಯಾರಿಗೂ ಹೇಳಬೇಡಿ ಅಂದೆ."

ನನ್ನ ಕೈಯಲ್ಲಿದ್ದ ಬಾಟಲಿ ಒಮ್ಮೆಲೇ ಭಾರವಾಯಿತು. ಆ ಮನುಷ್ಯನ ಸುಲಿದ ಅಂಗೈಗಳು, ಕೆಳಗಿರಲಿ ಎಂದು ಅವನು ಎರಡೆರಡು ಸಲ ಬೇಡಿಕೊಂಡದ್ದು, ಪ್ರತಿಯೊಂದೂ ಈಗ ಅರ್ಥವಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ನೀರಿನಂಚಿಗೆ ಇಳಿದು ಬಾಟಲಿಯನ್ನು ಅಕ್ಕನಿಗೆ ಚಾಚಿದೆ. "ನೀವು ಒಂದು ಗುಟುಕು ಕುಡೀರಿ. ನೀವು ಕುಡಿದ್ರೆ ಅವಳಿಗೂ ಧೈರ್ಯ ಬರತ್ತೆ."

ಅಕ್ಕ ಬಾಟಲಿ ತೆಗೆದುಕೊಂಡಳು. ನನ್ನನ್ನು ನೋಡಿದಳು, ತಂಗಿಯನ್ನು ನೋಡಿದಳು. ಆಮೇಲೆ ಗಿಡಕ್ಕೆ ನೀರು ಹಾಕುವಷ್ಟು ನಿಧಾನವಾಗಿ ಬಾಟಲಿಯನ್ನು ಸಮುದ್ರಕ್ಕೆ ಬಗ್ಗಿಸಿದಳು. ಕೊನೆಯ ಹನಿಯವರೆಗೂ ಬಗ್ಗಿಸಿ ಬಾಟಲಿಯನ್ನು ಚೀಲಕ್ಕೆ ಹಾಕಿದಳು.

"ಬೇಡ ಅಂದ್ರೆ ಬಿಡಿ," ಎಂದಳು. "ಬಲವಂತ ಏನಿಲ್ಲ."

ಅವಳ ಇನ್ನೊಂದು ಕೈಯಿಂದ ಹಗ್ಗ ಸಡಿಲವಾದದ್ದನ್ನು ನಾನು ನೋಡುವ ಹೊತ್ತಿಗೆ ಅದು ಕಲ್ಲಿನ ಮೂತಿಯಿಂದ ಜಾರಿ ನೀರಿಗೆ ಬಿದ್ದಾಗಿತ್ತು. ಹಾರಿದೆ. ಒಡೆದ ಮಂಡಿ ಕೈಕೊಟ್ಟಿತು, ಎದೆಯಡಿಯಾಗಿ ಕಲ್ಲಿನ ಮೇಲೆ ಬಿದ್ದೆ. ದೋಣಿಗೂ ಬಂಡೆಗೂ ನಡುವೆ ಮೊದಲು ಒಂದು ಮೊಳ ನೀರು ಕಂಡಿತು, ಆಮೇಲೆ ಒಂದು ಮಾರು.

ಅಕ್ಕ ಎಂಜಿನ್ನಿನ ಪಕ್ಕಕ್ಕೆ ಸರಿದು ಕೂತಳು. ಸೆರಗು ಸರಿಮಾಡಿಕೊಂಡಳು. ದನಿಯಲ್ಲಿ ಅದೇ ಮರ್ಯಾದೆಯಿತ್ತು.

"ಇವಳು ಮುಳುಗಿದ್ಲು ಅಂತ ಪೊಲೀಸರು ಆಗಲೇ ಬರೆದಿದ್ದಾರೆ ಸಾಹೇಬ್ರೇ. ಉಳಿಸಕ್ಕೆ ಹೋದ ನಿಮ್ಮ ಹೆಸರೂ ಒಂದು ಸೇರಿಸಿಕೊಳ್ಳಿ ಅಂತ ಹೇಳ್ತೀನಿ."